ನಮ್ಮ ಮನೆಯಲ್ಲಿ ಇಲ್ಲದ ವಾಸನೆ

ವೆಂಬ್ಲಿ, ಲಂಡನ್
7 ನವೆಂಬರ್ 2004, ರವಿವಾರ

ಪ್ರೀತಿಯ ಮೀರಾ,

ಚೌತಿಗೆ ನೀನು ಬರೆದ ಪತ್ರ ತಲುಪಿ ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಮಗಳ ಬಾಣಂತನದ ಗಡಿಬಿಡಿಯಲ್ಲೂ ನೀನು ಪುಟಗಟ್ಟಲೆ ಬರೆದೆ. ಇಲ್ಲಿ ಒಬ್ಬಳೇ ಕೂತಿರುವ ನನಗೆ ನಾಲ್ಕು ಸಾಲು ಕೂಡಿಸಲಾಗಲಿಲ್ಲ. ದಿನಚರಿ ಬರೆಯುವ ನನ್ನ ಹೈಸ್ಕೂಲಿನ ಚಟ ಇನ್ನೂ ಹೋಗಿಲ್ಲ, ಆದರೆ ಈಚೆಗೆ ಅದರಲ್ಲೂ "ಹಾಲು ತಂದೆ, ಕೆಲಸಕ್ಕೆ ಹೋದೆ" ಎನ್ನುವುದರ ಆಚೆ ಏನೂ ಇಲ್ಲ.

ಪಾರ್ಕ್ ರಾಯಲ್‌ನ ಬಿಸ್ಕಿಟ್ ಫ್ಯಾಕ್ಟರಿಯ ಕೆಲಸ ನಡೆದಿದೆ. ಈಲಿಂಗ್ ರೋಡಿನಲ್ಲಿ ದೀಪಾವಳಿಯ ದೀಪದ ಸರ ಹಾಕಿದ್ದಾರೆ. ನನಗೆ ಈ ವರ್ಷ ಹಬ್ಬವಿಲ್ಲ. ಬರುವ ತಿಂಗಳು ನಮ್ಮವರ ವರ್ಷಾಂತಕ. ಮೈದುನ ಶ್ರೀರಂಗ ಧಾರವಾಡದಿಂದ ಬಂದು ಮಾಡುತ್ತೇನೆ ಎಂದಿದ್ದಾನೆ. ಮಗಳು ಸ್ಫೂರ್ತಿ ಮಾತ್ರ ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದಾಳೆ. ಯಾಕೆಂದು ನಿನಗೆ ಗೊತ್ತು.

ಎರಡು ವರ್ಷದ ಹಿಂದೆ ಧಾರವಾಡಕ್ಕೆ ಬಂದಾಗ ನಿಮ್ಮ ಹಿತ್ತಲಲ್ಲಿ ಕೂತು ನಿನಗೊಬ್ಬಳಿಗೇ ಹೇಳಿದ್ದೆ. ನಮ್ಮವರ ಬಾಯಿಂದ, ಮೈಯಿಂದ, ತೊಟ್ಟ ಅಂಗಿಯಿಂದ ಬೆಳ್ಳುಳ್ಳಿಯ ವಾಸನೆ ಬರುತ್ತದೆ ಎಂದು. ನೀನು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದೆ. ಬೇರೆಯವರ ಮನೆಯಲ್ಲಾದರೆ ಇದೊಂದು ಮಾತೇ ಅಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಬೆಳ್ಳುಳ್ಳಿ ಹೊಸ್ತಿಲು ದಾಟಿಲ್ಲ. ಲಂಡನ್ನಿಗೆ ಬಂದ ಮೇಲೂ ದಾಟಿಲ್ಲ. ಆಫೀಸಿನ ಪಾರ್ಟಿಗೆ ಹೋದರೆ ಬರೀ ಹಣ್ಣು ತಿಂದು ಬರುವ ಮನುಷ್ಯ. ಅಂಥವರು ದಿನಾ ಸಂಜೆ ಬೆಳ್ಳುಳ್ಳಿ ಘಮ್ಮೆನ್ನುತ್ತ ಬಂದರೆ ಯಾರದೋ ಅಡಿಗೆಮನೆಯಲ್ಲಿ ಕೂತು ಉಂಡು ಬರುತ್ತಿದ್ದಾರೆ ಎಂದಲ್ಲದೆ ಮತ್ತೇನು ತಿಳಿಯಬೇಕು? "ಯಾರಾಕಿ?" ಎಂದು ನೀನೂ ಕೇಳಿದೆ. ಗೊತ್ತಿಲ್ಲ ಎಂದೆ. "ಕೇಳಬ್ಯಾಡ. ಕೇಳಿದ್ರ ಇದ್ದದ್ದೂ ಹೋಗ್ತದ" ಎಂದೆ ನೀನು. ನಾನು ಕೇಳಲಿಲ್ಲ.

ಮೀರಾ, ಅಲ್ಲಿ ಯಾರೂ ಇರಲಿಲ್ಲ.

ಈಗ ಮೊದಲಿನಿಂದ ಹೇಳುತ್ತೇನೆ.

ಹೋದ ತಿಂಗಳು ಜೂಲಿಯನ್ ಮತ್ತು ಅವನ ಹೆಂಡತಿ ಡೈಸಿ ಮನೆಗೆ ಬಂದರು. ಉಡುಪಿ ಕಡೆಯ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ, ನನ್ನ ಜೊತೆ ಅವರ ಊರಿನ ಕನ್ನಡ. ಜೂಲಿಯನ್ ನಮ್ಮವರ ಲ್ಯಾಬಿನ ವರ್ಕ್‌ಶಾಪಿನಲ್ಲಿದ್ದಾನೆ, ಅವರನ್ನು ಪ್ರಸಾದಣ್ಣ ಎಂದೇ ಕರೆಯುತ್ತಿದ್ದ. ಒಳ್ಳೆಯ ಮಾತುಗಾರ. ಆ ದಿನ ಕೋಟು ಕೂಡ ತೆಗೆಯದೆ ಸೋಫಾದ ತುದಿಯಲ್ಲಿ ಕೂತ.

"ಇಂದಕ್ಕ, ಒಂದು ವಿಷಯ ಹೇಳ್ಲಿಕ್ಕುಂಟು. ನಿಮಗೆ ಸಿಟ್ಟು ಬರಬಹುದು."

"ಬಂದ್ರೆ ಬರಲಿ. ನೀವು ಹೇಳಿ ಮುಗಿಸಿ," ಎಂದಳು ಡೈಸಿ.

"ಪ್ರಸಾದಣ್ಣನ ಜಾಗಕ್ಕೆ ಕಾಲಿನ್ ಅಂತ ಒಬ್ಬ ಬಂದಿದ್ದಾನೆ. ಇಲ್ಲಿಯವನೇ, ಬಿಳಿಯ. ಬಂದು ತಿಂಗಳಾಗ್ಲಿಲ್ಲ, ಅವನ ಬಾಯಿಂದ ಬೆಳ್ಳುಳ್ಳಿ ವಾಸನೆ ಬರ್ಲಿಕ್ಕೆ ಶುರುವಾಯ್ತು."

ನಾನು ಚಕ್ಕಲಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಬೆಳ್ಳುಳ್ಳಿ ಎಂಬ ಮಾತನ್ನು ಈ ಮನೆಯಲ್ಲಿ ಬೇರೆಯವರ ಬಾಯಿಂದ ಕೇಳಿದ್ದು ಅದೇ ಮೊದಲು. ಇವನಿಗೆ ಎಲ್ಲ ಗೊತ್ತಿದೆ, ಈಗ ಅವಳ ಹೆಸರು ಹೇಳುತ್ತಾನೆ ಎಂದುಕೊಂಡೆ.

"ಅವನ ಹೆಂಡತಿ ಕೇಳಿದಳಂತೆ, ಏನು ತಿಂದು ಬಂದೆ ಅಂತ. ಏನೂ ತಿನ್ಲಿಲ್ಲ ಅಂದ. ಮರುದಿನವೇ ಬಂದು ಲ್ಯಾಬಲ್ಲಿ ಹೇಳಿದ. ಅದೇ ದಿನ ಎಲ್ಲ ನಿಲ್ಲಿಸಿ ಚೆಕ್ ಮಾಡಿದ್ರು ಅಕ್ಕ. ಅದು ಬೆಳ್ಳುಳ್ಳಿಯೇ ಅಲ್ಲ. ನಮ್ಮಲ್ಲಿ ಲೇಪಕ್ಕೆ ಹಾಕುವ ಆ ಟೆಲ್ಯೂರಿಯಂ."

ಅವನ ಹೆಂಡತಿ ಕೇಳಿದಳು, ಮೀರಾ.

ನಮ್ಮವರ ಕೆಲಸ ಏನೆಂದು ನಿನಗೆ ಸರಿಯಾಗಿ ಹೇಳಲು ನನಗೆ ಎಂದೂ ಬರಲಿಲ್ಲ. ಮ್ಯಾಟ್ರಿಕ್ ಓದಿದವಳಿಗೆ ಅವರು ಹೇಳಿದ್ದು ರಂಗೋಲಿಯ ಲೆಕ್ಕದಲ್ಲಿ. ಕೋಟಿನ ಗುಂಡಿಯಷ್ಟು ಅಗಲದ ಒಂದು ಲೋಹದ ಬಿಲ್ಲೆ. ಅದರ ಮೇಲೆ ಲೇಸರ್ ಬೆಳಕು ಬಿದ್ದೊಡನೆ ಎಲೆಕ್ಟ್ರಾನುಗಳು ಎದ್ದು ಹೊರಡುತ್ತವೆ. ಹೊರಟವು ಚೆಲ್ಲಾಪಿಲ್ಲಿಯಾಗದೆ ಸಣ್ಣ ಎಳೆಯಾಗಿ ಹೋಗಬೇಕು. "ನೀ ಚಿಟಿಕಿಯೊಳಗಿಂದ ರಂಗೋಲಿ ಬಿಡ್ತಿಯಲ್ಲ, ಹಂಗ. ಬೆರಳು ನಡುಗಿದ್ರ ಎಳಿ ದಪ್ಪ ಆಗ್ತದ. ನಮ್ಮಲ್ಲಿ ಬೆರಳು ಅಂದ್ರ ಈ ಬಿಲ್ಲಿ" ಎನ್ನುತ್ತಿದ್ದರು. ಬಿಲ್ಲೆಯ ಮೈ ಯಾವ ವಸ್ತುವಿನದೋ ಅದರ ಮೇಲೆ ಎಳೆಯ ಗುಣವಂತೆ. ಮೊದಲು ತಾಮ್ರ ಹಾಕುತ್ತಿದ್ದರು. ಬಹಳ ಕಾಲ ಬಾಳುವ ವಸ್ತು, ಆದರೆ ಜಿಪುಣ. ಎಷ್ಟು ಬೆಳಕು ಸುರಿದರೂ ಕೊಡುವುದು ಚಿಟಿಕೆಯಷ್ಟು. ಆಮೇಲೆ ಮೆಗ್ನೀಸಿಯಂ ಹಾಕಿ ನೋಡಿದರು, ಅದೂ ಸಾಲಲಿಲ್ಲ. 2001ರ ಬೇಸಿಗೆಯಲ್ಲಿ ಸೀಸಿಯಂ, ಟೆಲ್ಯೂರಿಯಂ ಎಂಬ ಎರಡು ವಸ್ತುಗಳ ಲೇಪ ಹಾಕಲು ಶುರುಮಾಡಿದರು. ಸ್ವಲ್ಪ ಬೆಳಕಿಗೆ ರಾಶಿ ಎಲೆಕ್ಟ್ರಾನು. ಆದರೆ ಭಾರೀ ನಾಜೂಕು, ಗಾಳಿ ತಾಕಿದರೆ ಸಾಕು, ಕೆಟ್ಟಿತು. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಮತ್ತೆ ಮತ್ತೆ ಹೊಸ ಲೇಪ ಕೊಡಬೇಕು. ಕೊಡುವವರು ನಮ್ಮವರು. ಆಗಾಗ ಪೆಟ್ಟಿಗೆ ಬಿಚ್ಚಿ, ಒಳಗಿನ ತಗಡುಗಳಿಗೆ ಅಂಟಿದ ಕರಿಪುಡಿಯನ್ನು ಉಜ್ಜಿ ತೆಗೆಯುವವರೂ ಅವರೇ.

ಆ ಬೇಸಿಗೆ ಅವರಿಗೆ ಎಷ್ಟು ಖುಷಿ ಇತ್ತೆಂದರೆ, ಟ್ಯೂಬ್ ರೈಲಿನಿಂದ ಇಳಿದು ಮನೆಯವರೆಗೆ ಶಿಳ್ಳೆ ಹಾಕುತ್ತ ಬರುತ್ತಿದ್ದರು. "ಎಳಿ ಏನ್ ಸಣ್ಣ ಬಂತು ಅಂತಿ ಇಂದೂ, ಹೊಸಾ ವಸ್ತು ಅಂದ್ರ ವಸ್ತು." ನಾನು ಬಾಗಿಲು ತೆಗೆದಾಗ ಆ ಮಾತಿನ ಜೊತೆಗೇ ವಾಸನೆಯೂ ಒಳಗೆ ಬಂತು.

ಟೆಲ್ಯೂರಿಯಂ ಪುಡಿ ಕಣ್ಣಿಗೆ ಕಾಣದಷ್ಟು ಮೈ ಸೇರಿದರೂ ಮೈ ಅದನ್ನು ಇಟ್ಟುಕೊಳ್ಳುವುದಿಲ್ಲವಂತೆ. ಉಸಿರಿನಲ್ಲಿ, ಬೆವರಿನಲ್ಲಿ ಹೊರಗೆ ಹಾಕುತ್ತದೆ. ಹೊರಬರುವಾಗ ಅದರ ವಾಸನೆ ಥೇಟ್ ಬೆಳ್ಳುಳ್ಳಿ. ಎಷ್ಟೋ ಸಲ ಅದು ಸ್ವಂತ ಮೂಗಿಗೆ ಗೊತ್ತಾಗುವುದಿಲ್ಲ, ಎದುರಿಗಿದ್ದವರಿಗೇ ಗೊತ್ತಾಗುವುದು. ಈ ವಸ್ತುವಿನ ಕೆಲಸ ಮಾಡುವ ಕಡೆಯಲ್ಲೆಲ್ಲ ಇದು ತಿಳಿದ ಸಂಗತಿ. ಯಾರಿಗಾದರೂ ವಾಸನೆ ಬಂತೆಂದರೆ ಎಲ್ಲೋ ಪುಡಿ ಸೋರುತ್ತಿದೆ ಎಂದೇ ಅರ್ಥ. ಕಾಲಿನ್ ಹೇಳಿದ ದಿನ ಪುಡಿ ಉಜ್ಜುವ ಜಾಗದಲ್ಲಿ ಹೊಗೆ ಬಿಟ್ಟು ನೋಡಿದರಂತೆ. ಗಾಳಿಯನ್ನು ಹೊರಗೆ ಎಳೆಯಬೇಕಾದ ಕೊಳವೆ ಹಿಂದುಗಡೆ ಕಳಚಿಕೊಂಡಿತ್ತು. ಹೊಗೆಯೆಲ್ಲ ತಿರುಗಿ ಕೋಣೆಗೇ ಬಂತು. ಅದು ಬಹುಶಃ ಮೊದಲಿನಿಂದಲೂ ಹಾಗೇ ಇತ್ತು ಎಂದ ಜೂಲಿಯನ್.

"ಮತ್ತ ಇವರದು ಯಾಕ ಯಾರಿಗೂ ಗೊತ್ತಾಗಲಿಲ್ಲ?" ಎಂದು ಕೇಳಿದೆ.

ಡೈಸಿ ಅವನ ಮೊಣಕೈ ತಿವಿದಳು. "ನಿಮಗೆ ಗೊತ್ತಿತ್ತಲ್ಲ. ಅದನ್ನೂ ಹೇಳಿ."

"ಗೊತ್ತಿತ್ತು ಅಕ್ಕ. ಎಲ್ಲರಿಗೂ ವಾಸನೆ ಬರ್ತಿತ್ತು. ಇಂಗ್ಲಿಷಿನವರು ಅಂದ್ಕೊಂಡದ್ದು, ಇಂಡಿಯದವರಲ್ವಾ, ಅವರ ಊಟವೇ ಹಾಗೆ ಅಂತ. ನನಗೆ ಗೊತ್ತುಂಟಲ್ಲ ನಿಮ್ಮಲ್ಲಿ ತಿನ್ನುವುದಿಲ್ಲ ಅಂತ. ನಾನು ಅಂದ್ಕೊಂಡದ್ದು ಬೇರೆ. ಭಟ್ರು ಹೊರಗೆ ಕದ್ದು ತಿಂತಾರೆ, ಮನೆಯಲ್ಲಿ ಗೊತ್ತಾದ್ರೆ ಕಷ್ಟ, ನಾವ್ಯಾಕೆ ಬಾಯಿ ಬಿಡುವುದು ಅಂತ. ಒಂದ್ಸಲ ತಮಾಷೆಗೆ ಕಣ್ಣು ಮಿಟುಕಿಸಿ ಕೇಳಿದೆ, ಏನಣ್ಣ, ನಿನ್ನೆ ಊಟ ಜೋರಾ ಅಂತ. ಹೂಂ ಮಾರಾಯಾ, ನಮ್ಮ ಇಂದು ಹುಳಿ ಮಾಡಿದ್ಲು ಅಂದ್ರು. ಎಷ್ಟು ಚಂದ ಸುಳ್ಳು ಹೇಳ್ತಾರೆ ಅಂದ್ಕೊಂಡೆ."

ಡೈಸಿ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಚಹಾ ಆರಿಹೋಯಿತು, ಬಿಸಿ ಮಾಡಿಕೊಂಡು ಬರುತ್ತೇನೆ ಎಂದು ಒಳಗೆ ಹೋದೆ. ಒಲೆ ಹಚ್ಚುವುದನ್ನು ಮರೆತು ಪಾತ್ರೆಯ ಮುಂದೆ ನಿಂತಿದ್ದೆನಂತೆ. ಡೈಸಿ ಬಂದು ಕರೆದುಕೊಂಡು ಹೋದಳು.

ಇದರಿಂದಲೇ ಅವರು ಹೋದರೇ ಎಂದು ನೀನು ಕೇಳುತ್ತೀ. ನಾನೂ ಕೇಳಿದೆ. ವೆಂಬ್ಲಿ ಪಾರ್ಕ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಕುಸಿದಾಗ ಹೃದಯ ನಿಂತಿತು ಎಂದು ಡಾಕ್ಟರು ಬರೆದಿದ್ದರು. ಈ ಪುಡಿಗೂ ಹೃದಯಕ್ಕೂ ಸಂಬಂಧ ಕಾಣುವುದಿಲ್ಲ ಎಂದು ಈಗಲೂ ಹೇಳುತ್ತಾರೆ. ಇಲ್ಲವೇ ಇಲ್ಲ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಹಿಡಿದು ಜಗಳವಾಡುವ ಶಕ್ತಿ ನನಗಿಲ್ಲ.

ಮುಂದಿನ ವಾರ ಲ್ಯಾಬಿನ ಮುಖ್ಯಸ್ಥರು ತಾವೇ ಬಂದರು. ಎತ್ತರದ ಮುದುಕರು, ಕೈಯಲ್ಲಿ ಬಿಳಿ ಹೂವು. ಜೊತೆಗೆ ಜೂಲಿಯನ್. ಆದದ್ದು ತಪ್ಪು ಎಂದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ನಿಮಗೆ ವಾಸನೆ ಬರುತ್ತಿತ್ತೇ?

ಅವರು ಸುಳ್ಳು ಹೇಳಲಿಲ್ಲ. "ಬರುತ್ತಿತ್ತು. ಅದು ನಿಮ್ಮ ಮನೆಯ ಊಟ ಎಂದುಕೊಂಡೆವು. ಕೇಳಿದರೆ ಅವಮಾನ ಮಾಡಿದಂತಾಗುತ್ತದೆ ಎಂದು ಸುಮ್ಮನಿದ್ದೆವು."

ನಾನು ಎದ್ದು ಅವರನ್ನು ಅಡಿಗೆಮನೆಗೆ ಕರೆದುಕೊಂಡು ಹೋದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಕಪಾಟುಗಳನ್ನೆಲ್ಲ ತೆರೆದೆ. ಸಾರಿನ ಪುಡಿ, ಮೆಂತ್ಯ, ಸಾಸಿವೆ ಒಂದೊಂದೇ ಡಬ್ಬಿ ತೆಗೆದು ಅವರ ಮುಂದಿಟ್ಟೆ. ಪಾಪ, ಅವರು ಬಗ್ಗಿ ಒಂದೊಂದನ್ನೂ ಮೂಸಿದರು. ಇಂಗಿನ ಡಬ್ಬಿಗೆ ಬಂದಾಗ ತಲೆ ಹಿಂದಕ್ಕೆ ಎಳೆದುಕೊಂಡರು. ಮುಖ್ಯಸ್ಥರು ಮತ್ತೊಮ್ಮೆ ಮೂಸಿ, ಕಣ್ಣು ಮುಚ್ಚಿ ಯೋಚಿಸಿ, "ಅಲ್ಲ, ಇದು ಬೇರೆ," ಎಂದರು. ಡಬ್ಬಿಯನ್ನು ಮೆಲ್ಲಗೆ ಇಟ್ಟು, "ಇದನ್ನು ನಾನು ಆಗಲೇ ಮಾಡಬೇಕಿತ್ತು," ಎಂದರು. ಅವರು ಹೋದ ಮೇಲೆ ಕಪಾಟುಗಳು ರಾತ್ರಿಯವರೆಗೆ ಹಾಗೇ ತೆರೆದುಕೊಂಡಿದ್ದವು.

9 ನವೆಂಬರ್

ಮೊನ್ನೆ ಇಲ್ಲಿಗೆ ನಿಲ್ಲಿಸಿದ್ದೆ.

ನಿನಗೆ ನಗು ಬರಬಹುದು, ಆದರೂ ಹೇಳುತ್ತೇನೆ. ಆ ಇಲ್ಲದವಳಿಗೆ ನಾನು ಒಂದು ಮುಖ ಕೊಟ್ಟಿದ್ದೆ. ಸ್ವಲ್ಪ ದಪ್ಪ, ನಗುಮುಖ, ಪಂಜಾಬಿಯೋ ಗುಜರಾತಿಯೋ, ಜೋರು ದನಿ. ದಹನದ ದಿನ ಕ್ರಿಮೆಟೋರಿಯಂನಲ್ಲಿ ಹಿಂದಿನ ಸಾಲನ್ನು ತಿರುತಿರುಗಿ ನೋಡುತ್ತಿದ್ದೆ. ಬೂದು ಕೋಟಿನ ಒಬ್ಬಳು ಬಾಗಿಲ ಹತ್ತಿರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಳಗೆ ಬಾ ಎಂದು ನಾನು ತಲೆಯಾಡಿಸಿದೆ. ಆಮೇಲೆ ತಿಳಿಯಿತು, ಅವಳು ನಮ್ಮ ನಂತರದ ಹೆಣದ ಕಡೆಯವಳು. ಆ ಇಲ್ಲದವಳ ಮೇಲೆ ನನಗೆ ಸಿಟ್ಟಿತ್ತು ನಿಜ. ಆದರೂ ಈ ಒಂದು ವರ್ಷ, ಇಷ್ಟು ದೊಡ್ಡ ಊರಿನಲ್ಲಿ ಅವರಿಗಾಗಿ ಅಳುವ ಇನ್ನೊಂದು ಜೀವ ಎಲ್ಲೋ ಇದೆ ಎಂಬುದು ಒಂದು ಥರ ಜೊತೆಯಾಗಿತ್ತು. ಈಗ ಅವಳೂ ಇಲ್ಲ.

ಇನ್ನು ಸ್ಫೂರ್ತಿ. ವಾಸನೆಯ ಅರ್ಥವನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಅವಳು. "ಅಮ್ಮಾ, ಅಪ್ಪ ಈಸ್ ಈಟಿಂಗ್ ಸಮ್‌ವೇರ್ ಎಲ್ಸ್. ಯು ನೋ ಇಟ್." ಅದಾದ ಮೇಲೆ ಅಪ್ಪನ ಜೊತೆ ಮಾತು ಬಿಟ್ಟಳು. ಸ್ಟ್ರಾಟ್‌ಫರ್ಡ್‌ನ ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದು ಅಲ್ಲೇ ರೂಮು ಮಾಡಿದಳು. "ಆಕಿಗೆ ಏನಾಗ್ಯದ ಇಂದೂ?" ಎಂದು ಇವರು ಕೇಳುತ್ತಲೇ ಇದ್ದರು. ದಹನದ ದಿನ ಬಂದಳು, ದೂರ ನಿಂತಳು, ಹೋದಳು.

ಈಗ ಅವಳಿಗೆ ಹೇಳಬೇಕೋ ಬೇಡವೋ ಎಂದು ಮೂರು ವಾರ ಒದ್ದಾಡಿದೆ. ಹೇಳಿದರೆ ಅವಳಿಗೆ ಅಪ್ಪ ಮರಳಿ ಸಿಗುತ್ತಾರೆ. ಸಿಕ್ಕ ಗಳಿಗೆಯಲ್ಲೇ ತಾನು ಏನು ಮಾಡಿದೆ ಎಂಬುದೂ ತಿಳಿಯುತ್ತದೆ. ಇಪ್ಪತ್ತೆರಡರ ಹುಡುಗಿ ಅದನ್ನು ಹೇಗೆ ಹೊರುತ್ತಾಳೆ? ಹೇಳದಿದ್ದರೆ ಅವರು ಮಗಳ ಮನಸ್ಸಿನಲ್ಲಿ ಎಂದೆಂದಿಗೂ ಅಂಥವರಾಗಿಯೇ ಉಳಿಯುತ್ತಾರೆ. ಕೊನೆಗೆ ನಿನ್ನೆ ಕೆಲಸಕ್ಕೆ ರಜೆ ಹಾಕಿ ಜುಬಿಲಿ ಲೈನ್ ಹತ್ತಿದೆ. ನಮ್ಮ ಕಡೆಯಿಂದ ಸ್ಟ್ರಾಟ್‌ಫರ್ಡ್ ಆ ಲೈನಿನ ಕಟ್ಟಕಡೆಯ ಸ್ಟೇಷನ್. ದಾರಿಯುದ್ದಕ್ಕೂ ಎದುರಿಗೆ ಕೂತವರೆಲ್ಲ ನನ್ನ ತುಟಿ ನೋಡುತ್ತಿದ್ದರು. ಗಟ್ಟಿಯಾಗಿ ಮಾತು ಜೋಡಿಸಿಕೊಳ್ಳುತ್ತಿದ್ದೆ ಎಂದು ಕಾಣುತ್ತದೆ.

"ವಾಟ್ ಹ್ಯಾಪನ್ಡ್? ಯಾಕ ಬಂದಿ?" ಎಂದಳು ಬಾಗಿಲಲ್ಲೇ.

"ಕೂಡ್ರು. ಕೂತು ಕೇಳು."

ಎಲ್ಲ ಹೇಳಿದೆ. ಅವಳು ಮಂಚದ ಮೇಲೆ, ನಾನು ಇದ್ದ ಒಂದೇ ಕುರ್ಚಿಯಲ್ಲಿ. ಲ್ಯಾಬಿನವರು ಊಟದ ವಾಸನೆ ಎಂದುಕೊಂಡರು ಎಂದಾಗ ನಕ್ಕಳು. ಆ ನಗು ಕೇಳಿ ನನಗೆ ಭಯವಾಯಿತು. "ಕರಿ? ದೇ ಥಾಟ್ ಇಟ್ ವಾಸ್ ಕರಿ?" ಎಂದು ಮತ್ತೆ ಮತ್ತೆ ಕೇಳಿದಳು; ನಮ್ಮ ಮಸಾಲೆ ಅಡಿಗೆಗೆಲ್ಲ ಇಲ್ಲಿಯವರು ಕರಿ ಎಂದೇ ಹೇಳುವುದು. ಆಮೇಲೆ ಇದ್ದಕ್ಕಿದ್ದಂತೆ ಮುಖ ಗಂಟಿಕ್ಕಿದಳು. ನಾನು ಕಥೆ ಕಟ್ಟುತ್ತಿದ್ದೇನೆ, ಶ್ರಾದ್ಧಕ್ಕೆ ಕರೆಸಿಕೊಳ್ಳಲು ಹೂಡಿದ ಆಟ ಇದು ಎಂದಳು. ನಾನು ವಾದ ಮಾಡಲಿಲ್ಲ. ಜೂಲಿಯನ್‌ನ ನಂಬರು ಕೊಟ್ಟೆ. ಅಲ್ಲೇ ಫೋನ್ ಮಾಡಿದಳು. ಮೊದಲು ದಬಾಯಿಸಿ ಕೇಳಿದಳು. ಆಮೇಲೆ ಬರೀ "ಯೆಸ್ ಅಂಕಲ್". ಆಮೇಲೆ ಅದೂ ಇಲ್ಲ. ಫೋನ್ ಇಟ್ಟು ಗೋಡೆಯ ಕಡೆ ತಿರುಗಿ ಕೂತಳು.

ಅನಂತರ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. "ಮೊದಲಿದ್ದುದೇ ಸುಲಭ ಇತ್ತು ಅಮ್ಮಾ. ಸಿಟ್ಟು ಇತ್ತು, ಹಾಗಾಗಿ ಅಪ್ಪನ ನೆನಪು ಬಂದರೆ ತಳ್ಳಿಹಾಕಬಹುದಿತ್ತು. ಈಗ ನಾನೇನು ಮಾಡಲಿ?"

ನಾನು ಎದ್ದು ಮಂಚದ ಮೇಲೆ ಅವಳ ಪಕ್ಕ ಕೂತೆ. ಆಗ ಚಿಕ್ಕಂದಿನ ಕನ್ನಡದಲ್ಲಿ ಕೇಳಿದಳು: "ಅಪ್ಪಗ ಗೊತ್ತಿತ್ತೇನು, ನಾ ಯಾಕ ಹೋದೆ ಅಂತ?"

"ಇಲ್ಲವ್ವಾ."

ಇನ್ನೊಮ್ಮೆ ಕೇಳಲಿಲ್ಲ. ಎದ್ದು ಕೋಟು ಹಾಕಿಕೊಂಡು ನನ್ನ ಜೊತೆ ಹೊರಟಳು. ಟ್ಯೂಬಿನಲ್ಲಿ ನನ್ನ ಕೋಟಿನ ಜೇಬಿಗೆ ತನ್ನ ಕೈ ಹಾಕಿ ಕೂತಿದ್ದಳು. ವೆಂಬ್ಲಿ ಪಾರ್ಕಿನಲ್ಲಿ ಇಳಿದು ಆ ಮೆಟ್ಟಿಲ ಹತ್ತಿರ ಬಂದಾಗ, "ಯಾವ ಮೆಟ್ಟಿಲು?" ಎಂದಳು. ತೋರಿಸಿದೆ. ಜನ ಹಾಯುತ್ತಿದ್ದರೂ ಸರಿಯದೆ ನಿಂತಳು. ಆಮೇಲೆ ಹೇಳಿದಳು, "ಕಾಕಾಗ ಹೇಳು, ವರ್ಷಾಂತಕಕ್ಕ ನಾನೂ ಕೂಡ್ತೀನಿ ಅಂತ."

ಈಗ ಒಳಗೆ ಮಲಗಿದ್ದಾಳೆ. ಬೆಳಕು ಹರಿದು ಬಹಳ ಹೊತ್ತಾಯಿತು, ಎಬ್ಬಿಸಲು ಮನಸ್ಸಿಲ್ಲ.

ನಿನ್ನ ಮಗಳಿಗೆ ಬಾಣಂತಿ ಖಾರ ಸರಿಯಾಗಿ ತಿನ್ನಿಸು, ಥಂಡಿಯಲ್ಲಿ ಓಡಾಡಲು ಬಿಡಬೇಡ. ಮೊಮ್ಮಗು ನೂರು ಕಾಲ ಬಾಳಲಿ, ಅದರ ಮನೆಯಲ್ಲಿ ಯಾರೂ ಯಾರನ್ನೂ ಕೇಳಲು ಹೆದರದಿರಲಿ. ನಿಮ್ಮವರಿಗೆ ನನ್ನ ನಮಸ್ಕಾರ.

ನಿನ್ನ,
ಇಂದು

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲಾಗಲಿಲ್ಲ. ಸ್ಫೂರ್ತಿಗೂ ಹೇಳಿಲ್ಲ, ಹೇಳುವುದಿಲ್ಲ. ಆ ಪುಡಿ ಸೇರಿದವರಿಗೆ ಬಾಯಿ ಸದಾ ಕಬ್ಬಿಣ ನೆಕ್ಕಿದ ಹಾಗಿರುತ್ತದಂತೆ, ಹಸಿವು ಸತ್ತುಹೋಗುತ್ತದಂತೆ. ಅಷ್ಟರಲ್ಲೇ ಕಾಲಿನ್ ಕೂಡ ಸೊರಗಿದ್ದ ಎಂದು ಜೂಲಿಯನ್ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ. ನಮ್ಮವರು ಸಂಜೆ ತಟ್ಟೆಯ ಮುಂದೆ ಕೂತು, ಎರಡು ತುತ್ತು ಬಾಯಿಗಿಟ್ಟು, "ಸಾಕು ಇಂದೂ, ಹೊಟ್ಟಿ ತುಂಬೇದ" ಎಂದು ಏಳುತ್ತಿದ್ದರು. ಅಲ್ಲಿ ಉಂಡು ಬಂದಿದ್ದಾರೆ ಎಂದು ನಾನು ಇನ್ನಷ್ಟು ಹಾಕಿಕೊಳ್ಳಿ ಎನ್ನುತ್ತಿರಲಿಲ್ಲ. ಬರಬರುತ್ತ ಅಕ್ಕಿಯನ್ನೇ ಕಡಿಮೆ ಇಟ್ಟೆ. ಮೀರಾ, ಅವರು ಎಲ್ಲಿಯೂ ಉಂಡಿರಲಿಲ್ಲ.